ರಕ್ತದ ಪ್ರೋಟೀನೂ ದೇಹದ ಬೊಜ್ಜೂ: ಕಾರಣ ಯಾವುದು, ಸಂಕೇತ ಯಾವುದು?

'ಬೊಜ್ಜಿಗೆ ಕಾರಣವಾದ ಪ್ರೋಟೀನು ಪತ್ತೆ' ಎಂಬ ಬಗೆಯ ತಲೆಬರಹ ನಮಗೆ ಹೊಸದಲ್ಲ. 1994ರ ಕೊನೆಯಲ್ಲಿ ಲೆಪ್ಟಿನ್ ಬಂತು. 2001ರಲ್ಲಿ ರೆಸಿಸ್ಟಿನ್, 2005ರಲ್ಲಿ ವಿಸ್ಫ್ಯಾಟಿನ್ ಬಂದವು. ಪ್ರತಿ ಸಲವೂ ಕಥೆಯ ಹಂದರ ಒಂದೇ. ರಕ್ತದಲ್ಲಿ ಒಂದು ಪ್ರೋಟೀನು ಸಿಕ್ಕಿದೆ, ದಪ್ಪಗಿರುವವರಲ್ಲಿ ಅದರ ಮಟ್ಟ ಬೇರೆಯಾಗಿದೆ, ಇಲಿಗೆ ಅದನ್ನು ಕೊಟ್ಟಾಗ ಅಥವಾ ಇಲಿಯಿಂದ ಅದನ್ನು ತೆಗೆದಾಗ ತೂಕವೋ ಸಕ್ಕರೆಯೋ ಬದಲಾಗಿದೆ. ಆದ್ದರಿಂದ ಇನ್ನು ಕೆಲವೇ ವರ್ಷಗಳಲ್ಲಿ ಬೊಜ್ಜಿಗೆ ಔಷಧ ಸಿದ್ಧ. ಈ 'ಆದ್ದರಿಂದ' ಎಂಬ ಪದವನ್ನು ವಿಮರ್ಶಿಸುವುದೇ ಈ ಲೇಖನದ ಉದ್ದೇಶ.

ಭೌತವಿಜ್ಞಾನದ ಅಧ್ಯಾಪಕನಿಗೆ ಇಲ್ಲೇನು ಕೆಲಸ ಎಂದು ಓದುಗರು ಕೇಳಬಹುದು. ಶಕ್ತಿ ಸಂರಕ್ಷಣೆಯ ಪಾಠ ಮಾಡುವಾಗ ಬೊಜ್ಜನ್ನು ಉದಾಹರಣೆಯಾಗಿ ಕೊಡುವ ಅಭ್ಯಾಸ ನಮ್ಮಲ್ಲಿ ಅನೇಕರಿಗಿದೆ. 'ಒಳಗೆ ಹೋದ ಶಕ್ತಿ ಹೆಚ್ಚು, ವ್ಯಯವಾದ ಶಕ್ತಿ ಕಡಿಮೆ. ಉಳಿದದ್ದು ಕೊಬ್ಬು' ಎಂದು ಹೇಳಿ ಮುಂದಿನ ಪಾಠಕ್ಕೆ ಹೋಗುತ್ತೇವೆ. ಹೇಳಿದ್ದು ಸುಳ್ಳಲ್ಲ. ಆದರೆ ಅದು ಜಮಾಖರ್ಚಿನ ಪುಸ್ತಕವೇ ಹೊರತು ಕಾರಣದ ವಿವರಣೆಯಲ್ಲ. ಬ್ಯಾಂಕಿನಲ್ಲಿ ಹಣ ಏಕೆ ಬೆಳೆಯಿತು ಎಂದು ಕೇಳಿದರೆ 'ಕಟ್ಟಿದ್ದು ಹೆಚ್ಚು, ತೆಗೆದದ್ದು ಕಡಿಮೆ' ಎಂದು ಉತ್ತರಿಸಿದಂತೆ. ಹೀಗಾಗಿ ತರಗತಿಯಲ್ಲಿ ದಪ್ಪಗಿರುವ ಮಗು ಸೋಮಾರಿಯಾಗಿಬಿಡುತ್ತದೆ. ಪತ್ರಿಕೆಯಲ್ಲಿ ಅದೇ ಮಗು ಒಂದು ಪ್ರೋಟೀನಿನ ಬಲಿಪಶು. ಎರಡೂ ಅವಸರದ ತೀರ್ಮಾನಗಳು.

ಒಂದು ರಕ್ತ, ಎರಡು ಇಲಿಗಳು

ಈ ಕ್ಷೇತ್ರದ ಅತ್ಯಂತ ಸೊಗಸಾದ ತರ್ಕದಿಂದಲೇ ಆರಂಭಿಸೋಣ. ಅಮೆರಿಕದ ಮೇನ್ ರಾಜ್ಯದ ಬಾರ್ ಹಾರ್ಬರ್‌ನಲ್ಲಿರುವ ಜಾಕ್ಸನ್ ಪ್ರಯೋಗಾಲಯದಲ್ಲಿ 1949ರಲ್ಲಿ ವಿಪರೀತ ತಿಂದು ವಿಪರೀತ ದಪ್ಪಗಾಗುವ ಇಲಿಗಳ ಒಂದು ತಳಿ ಕಾಣಿಸಿಕೊಂಡಿತು. ಅದಕ್ಕೆ 'ಓಬಿ' ಎಂದು ಹೆಸರಾಯಿತು. 1966ರಲ್ಲಿ, ದಪ್ಪಗಿರುವುದರ ಜೊತೆಗೆ ತೀವ್ರ ಮಧುಮೇಹವೂ ಇದ್ದ 'ಡಿಬಿ' ಎಂಬ ಇನ್ನೊಂದು ತಳಿ ವರದಿಯಾಯಿತು. ಡಗ್ಲಸ್ ಕೋಲ್ಮನ್ ಎಂಬ ಜೀವರಸಾಯನ ವಿಜ್ಞಾನಿ ಎರಡೆರಡು ಇಲಿಗಳ ಪಕ್ಕೆಗಳನ್ನು ಶಸ್ತ್ರಕ್ರಿಯೆಯಿಂದ ಕೂಡಿಸಿ, ಒಂದರ ರಕ್ತ ಇನ್ನೊಂದಕ್ಕೆ ನಿಧಾನವಾಗಿ ಸೇರುವಂತೆ ಮಾಡಿದರು.

ಡಿಬಿ ಇಲಿಯೊಡನೆ ಸಾಮಾನ್ಯ ಇಲಿಯನ್ನು ಕೂಡಿಸಿದಾಗ ಸಾಮಾನ್ಯ ಇಲಿ ತಿನ್ನುವುದನ್ನೇ ಬಿಟ್ಟು ಸತ್ತಿತು. ಓಬಿ ಇಲಿಯೊಡನೆ ಸಾಮಾನ್ಯ ಇಲಿಯನ್ನು ಕೂಡಿಸಿದಾಗ ಓಬಿ ಇಲಿ ಕಡಿಮೆ ತಿಂದಿತು, ಅದರ ತೂಕದ ಏರಿಕೆ ತಗ್ಗಿತು. ಓಬಿಯನ್ನು ಡಿಬಿಯೊಡನೆ ಕೂಡಿಸಿದಾಗ ಓಬಿ ಉಪವಾಸ ಬಿದ್ದು ಸತ್ತಿತು. ಡಿಬಿಗೆ ಏನೂ ಆಗಲಿಲ್ಲ. ಇದರಿಂದ ಕೋಲ್ಮನ್ 1973ರಲ್ಲಿ ತೆಗೆದ ತೀರ್ಮಾನ ಇದು: ರಕ್ತದಲ್ಲಿ 'ಸಾಕು' ಎಂದು ಹೇಳುವ ಒಂದು ವಸ್ತುವಿದೆ, ಓಬಿ ಇಲಿ ಅದನ್ನು ತಯಾರಿಸಲಾರದು, ಡಿಬಿ ಇಲಿ ಅದನ್ನು ಧಾರಾಳವಾಗಿ ತಯಾರಿಸುತ್ತದೆ, ಆದರೆ ಕೇಳಿಸಿಕೊಳ್ಳಲಾರದು. ವಸ್ತು ಕಣ್ಣಿಗೆ ಬೀಳುವುದಕ್ಕೆ ಎರಡು ದಶಕ ಮೊದಲೇ ಅದರ ಅಸ್ತಿತ್ವವನ್ನೂ ಅದರ ಗ್ರಾಹಕದ ಅಸ್ತಿತ್ವವನ್ನೂ ತರ್ಕದಿಂದ ಹೇಳಲಾಗಿತ್ತು. ನೆಪ್ಚೂನ್ ಗ್ರಹದ ಶೋಧದ ಕಥೆಯನ್ನು ಪಾಠ ಮಾಡುವವರಿಗೆ ಇದರ ಸೊಗಸು ಬೇಗ ತಿಳಿಯುತ್ತದೆ.

1994ರ ಡಿಸೆಂಬರಿನಲ್ಲಿ ರಾಕ್‌ಫೆಲರ್ ವಿಶ್ವವಿದ್ಯಾಲಯದ ಜೆಫ್ರಿ ಫ್ರೀಡ್‌ಮನ್ ಮತ್ತು ಸಂಗಡಿಗರು 'ನೇಚರ್' ಪತ್ರಿಕೆಯಲ್ಲಿ ಓಬಿ ಜೀನನ್ನು ಪ್ರಕಟಿಸಿದರು. ಅದು 167 ಅಮೈನೋ ಆಮ್ಲಗಳ ಒಂದು ಪ್ರೋಟೀನಿನ ಸಂಕೇತ. ಅದನ್ನು ತಯಾರಿಸುವುದು ಕೊಬ್ಬಿನ ಕೋಶಗಳೇ. 'ತೆಳ್ಳಗೆ' ಎಂಬರ್ಥದ ಗ್ರೀಕ್ ಪದದಿಂದ ಅದಕ್ಕೆ ಲೆಪ್ಟಿನ್ ಎಂದು ಹೆಸರಿಟ್ಟರು. ಕೊಬ್ಬನ್ನು ಬರೀ ಉಗ್ರಾಣವೆಂದು ತಿಳಿದಿದ್ದ ಕಾಲದಲ್ಲಿ, ಉಗ್ರಾಣವೇ ಯಜಮಾನನಿಗೆ ದಾಸ್ತಾನಿನ ವರದಿ ಕಳುಹಿಸುತ್ತದೆ ಎಂದು ಗೊತ್ತಾದದ್ದು ನಿಜವಾಗಿಯೂ ದೊಡ್ಡ ವಿಷಯ. 1995ರ ಜುಲೈನಲ್ಲಿ 'ಸೈನ್ಸ್' ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಮೂರು ತಂಡಗಳು ಲೆಪ್ಟಿನ್ ಚುಚ್ಚಿದಾಗ ಓಬಿ ಇಲಿಗಳು ಸಣ್ಣಗಾದುದನ್ನು ವರದಿ ಮಾಡಿದವು. ಆಮ್ಜೆನ್ ಕಂಪನಿ ಈ ಜೀನಿನ ಹಕ್ಕಿಗಾಗಿ 2 ಕೋಟಿ ಡಾಲರ್ ಕೊಟ್ಟಿತ್ತು. ಪ್ರಯೋಗದಲ್ಲಿ ಯಾವ ತಪ್ಪೂ ಇರಲಿಲ್ಲ. ತಪ್ಪು ಇದ್ದದ್ದು ಅದರಿಂದ ಮನುಷ್ಯರ ಬಗ್ಗೆ ಕಟ್ಟಿಕೊಂಡ ನಿರೀಕ್ಷೆಯಲ್ಲಿ.

ಮಾಪಕದ ಮುಳ್ಳು

ಸಾಮಾನ್ಯ ಬೊಜ್ಜು ಲೆಪ್ಟಿನ್ ಕೊರತೆಯಿಂದ ಬರುವುದಾದರೆ ದಪ್ಪಗಿರುವವರ ರಕ್ತದಲ್ಲಿ ಅದು ಕಡಿಮೆ ಇರಬೇಕು. 1996ರಲ್ಲಿ 'ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್'ನಲ್ಲಿ ಬಂದ ಅಳತೆ ತದ್ವಿರುದ್ಧವಾಗಿತ್ತು. ಸಾಮಾನ್ಯ ತೂಕದವರಲ್ಲಿ ಮಿಲಿಲೀಟರಿಗೆ ಸರಾಸರಿ 7.5 ನ್ಯಾನೋಗ್ರಾಂ, ದಪ್ಪಗಿರುವವರಲ್ಲಿ 31.3 ನ್ಯಾನೋಗ್ರಾಂ. ನಾಲ್ಕು ಪಟ್ಟು ಹೆಚ್ಚು! ಲೆಪ್ಟಿನ್ ಮಟ್ಟ ಕೊಬ್ಬಿನ ಪ್ರಮಾಣವನ್ನು ಹಿಂಬಾಲಿಸುತ್ತದೆ. ನೀರಿನ ತೊಟ್ಟಿಯ ಮಟ್ಟವನ್ನು ಮಾಪಕದ ಮುಳ್ಳು ಹಿಂಬಾಲಿಸುವಂತೆ. ಮುಳ್ಳನ್ನು ಕೈಯಿಂದ ತಿರುಗಿಸಿದರೆ ತೊಟ್ಟಿ ಖಾಲಿಯಾಗುವುದಿಲ್ಲ. 1999ರಲ್ಲಿ ಪ್ರಕಟವಾದ 24 ವಾರಗಳ ಚಿಕಿತ್ಸಾ ಪ್ರಯೋಗದಲ್ಲಿ, ಅತಿ ಹೆಚ್ಚು ಪ್ರಮಾಣದ ಚುಚ್ಚುಮದ್ದು ಪಡೆದ ಕೆಲವರಲ್ಲಿ ಮಾತ್ರ ಗಮನಾರ್ಹ ಇಳಿಕೆ ಕಂಡಿತು. ವ್ಯಕ್ತಿಯಿಂದ ವ್ಯಕ್ತಿಗೆ ಫಲ ಬಹಳ ಬೇರೆಯಾಗಿತ್ತು.

ಹಾಗಾದರೆ ಲೆಪ್ಟಿನ್ ಕಥೆ ಮುಗಿಯಿತೆ? ಇಲ್ಲ. 1997ರಲ್ಲಿ ಬ್ರಿಟನ್ನಿನಲ್ಲಿ, ಹುಟ್ಟಿನಿಂದಲೇ ಲೆಪ್ಟಿನ್ ಇಲ್ಲದ ಇಬ್ಬರು ಮಕ್ಕಳನ್ನು ಸ್ಟೀಫನ್ ಓ'ರಾಹಿಲಿ ಅವರ ತಂಡ ಗುರುತಿಸಿತು. ಅವರ ಹಸಿವಿಗೆ ಕೊನೆಯೇ ಇರಲಿಲ್ಲ. 1999ರ ವರದಿಯಂತೆ 9 ವರ್ಷದ ಬಾಲಕಿಯೊಬ್ಬಳ ತೂಕ 94.4 ಕಿಲೋಗ್ರಾಂ. ಲೆಪ್ಟಿನ್ ಚುಚ್ಚುಮದ್ದು ಆರಂಭಿಸಿದ ಮೇಲೆ ಒಂದೇ ವರ್ಷದಲ್ಲಿ ಆಕೆ 16.4 ಕಿಲೋಗ್ರಾಂ ಇಳಿದಳು. ಆ ಮಗುವನ್ನು ಯಾರಾದರೂ 'ಬಾಯಿ ಕಟ್ಟಿಕೋ' ಎಂದು ಗದರಿಸಿದ್ದರೆ ಅದು ಎಂಥ ಅನ್ಯಾಯ! ಆಕೆಯ ದೇಹದ ದೃಷ್ಟಿಯಲ್ಲಿ ಅದು ಹೊಟ್ಟೆಬಾಕತನವಲ್ಲ. ಉಗ್ರಾಣ ಬರಿದಾಗಿದೆ ಎಂಬ ಸುಳ್ಳು ವರದಿಗೆ ಮಿದುಳು ಕೊಟ್ಟ ಸರಿಯಾದ ಉತ್ತರ.

ಒಂದೇ ಪ್ರೋಟೀನು ಒಬ್ಬರಲ್ಲಿ ಪವಾಡ ಮಾಡಿ ಇನ್ನೊಬ್ಬರಲ್ಲಿ ಸುಮ್ಮನಿರುವುದೇಕೆ? ಜೆಫ್ರಿ ಫ್ಲಿಯರ್ ಅವರ ತಂಡ 1996ರಲ್ಲಿ ತೋರಿಸಿದ ಸಂಗತಿ ಇದಕ್ಕೆ ಕೀಲಿ. ಇಲಿಗಳನ್ನು ಉಪವಾಸ ಕೆಡವಿದಾಗ ಲೆಪ್ಟಿನ್ ಇಳಿಯುತ್ತದೆ. ಆ ಇಳಿತವೇ ಮಿದುಳಿಗೆ ಬರಗಾಲದ ಸಂದೇಶ. ಥೈರಾಯ್ಡ್, ಸಂತಾನೋತ್ಪತ್ತಿ ಮುಂತಾದವುಗಳ ಹಾರ್ಮೋನುಗಳು ಆಗ ತಗ್ಗುತ್ತವೆ. ಅಂದರೆ ಲೆಪ್ಟಿನ್ 'ಹೆಚ್ಚಾಯಿತು, ಕರಗಿಸು' ಎಂದು ಕೂಗುವುದಕ್ಕಿಂತ, 'ಕಡಿಮೆಯಾಯಿತು, ಎಚ್ಚರ' ಎಂದು ಹೇಳುವುದರಲ್ಲಿ ಸಮರ್ಥ. ವಾಹನದ ಪೆಟ್ರೋಲ್ ಮುಗಿಯುವಾಗ ಹೊತ್ತಿಕೊಳ್ಳುವ ಕೆಂಪು ದೀಪದ ಹಾಗೆ. ದೀಪ ಆರಿದ ಮೇಲೆ ಟ್ಯಾಂಕಿನಲ್ಲಿ ಹತ್ತು ಲೀಟರ್ ಇದ್ದರೂ ಒಂದೇ, ಮೂವತ್ತು ಇದ್ದರೂ ಒಂದೇ. ತೂಕ ಇಳಿಸಿದವರಿಗೆ ಮತ್ತೆ ಹಸಿವು ಹೆಚ್ಚಿ, ಶಕ್ತಿಯ ವ್ಯಯ ತಗ್ಗಿ, ತೂಕ ಮರಳಿ ಬರುವುದಕ್ಕೂ ಇದೇ ಒಂದು ಕಾರಣ. ಅದನ್ನು ಮನೋದೌರ್ಬಲ್ಯವೆಂದು ಜರೆಯುವ ಮೊದಲು ಯೋಚಿಸಬೇಕು.

ನಾನೇ ಕಲಿಸಿದ ತಪ್ಪು ಲೆಕ್ಕ

ಈ ವಿಮರ್ಶೆ ನನ್ನ ಪಾಠಕ್ಕೂ ಅನ್ವಯಿಸುತ್ತದೆ. ಬಹಳ ವರ್ಷ ನಾನು ತರಗತಿಯಲ್ಲಿ ಒಂದು ಲೆಕ್ಕ ಮಾಡಿಸುತ್ತಿದ್ದೆ. ದಿನಕ್ಕೆ 2000 ಕಿಲೋಕ್ಯಾಲರಿ ತಿನ್ನುವವರು ಶೇಕಡಾ 1ರಷ್ಟು, ಅಂದರೆ 20 ಕಿಲೋಕ್ಯಾಲರಿ, ಹೆಚ್ಚು ತಿಂದರೆ ವರ್ಷಕ್ಕೆ 7300. ಒಂದು ಕಿಲೋಗ್ರಾಂ ದೇಹದ ಕೊಬ್ಬಿಗೆ ಸುಮಾರು 7700. ಅಂದರೆ ವರ್ಷಕ್ಕೆ ಹತ್ತಿರ ಹತ್ತಿರ ಒಂದು ಕಿಲೋ, ಮೂವತ್ತು ವರ್ಷಕ್ಕೆ ಮೂವತ್ತು ಕಿಲೋ! ಹೆಚ್ಚಿನವರಿಗೆ ಹಾಗಾಗುವುದಿಲ್ಲ, ಆದ್ದರಿಂದ ರಕ್ತದಲ್ಲಿ ಅತಿ ನಿಖರವಾದ ನಿಯಂತ್ರಕ ಇರಲೇಬೇಕು ಎಂದು ಮುಗಿಸುತ್ತಿದ್ದೆ. ಈ ವಾದವನ್ನು ದೊಡ್ಡ ದೊಡ್ಡವರ ಬರಹಗಳಲ್ಲೂ ಕಾಣಬಹುದು.

ತಪ್ಪೆಲ್ಲಿದೆ? ತಳದಲ್ಲಿ ತೂತಿರುವ ತೊಟ್ಟಿಗೆ ನಲ್ಲಿಯಿಂದ ನೀರು ಬೀಳುತ್ತಿದೆ ಎಂದುಕೊಳ್ಳಿ. ನಲ್ಲಿಯನ್ನು ಸ್ವಲ್ಪ ಹೆಚ್ಚು ತಿರುಗಿಸಿದರೆ ನೀರಿನ ಮಟ್ಟ ಏರುತ್ತದೆ. ಮಟ್ಟ ಏರಿದಂತೆ ತಳದ ಒತ್ತಡ ಹೆಚ್ಚಿ ತೂತಿನಿಂದ ಹೋಗುವ ನೀರೂ ಹೆಚ್ಚುತ್ತದೆ. ಕೊನೆಗೆ ಹೊಸ ಮಟ್ಟದಲ್ಲಿ ಸಮತೋಲ. ಇಲ್ಲಿ ಯಾವ ನಿಯಂತ್ರಕವೂ ಇಲ್ಲ! ದೇಹವೂ ಹೀಗೆಯೇ. ತೂಕ ಹೆಚ್ಚಿದರೆ ಅದನ್ನು ಸಾಕುವ ಮತ್ತು ಹೊತ್ತು ನಡೆಯುವ ಖರ್ಚೂ ಹೆಚ್ಚುತ್ತದೆ. ಕೆವಿನ್ ಹಾಲ್ ಮತ್ತು ಸಂಗಡಿಗರು 2011ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಕೊಟ್ಟ ಗಣಿತ ಮಾದರಿಯಂತೆ, ದಿನಕ್ಕೆ 24 ಕಿಲೋಕ್ಯಾಲರಿಯ ಶಾಶ್ವತ ಬದಲಾವಣೆಯಿಂದ ಕೊನೆಗೆ ಆಗುವ ವ್ಯತ್ಯಾಸ ಸುಮಾರು ಒಂದು ಕಿಲೋ ಮಾತ್ರ. ಅದರ ಅರ್ಧ ಒಂದು ವರ್ಷದಲ್ಲಿ, ಶೇಕಡಾ 95 ಮೂರು ವರ್ಷಗಳಲ್ಲಿ. ನನ್ನ ಮೂವತ್ತು ಕಿಲೋ ಒಂದು ಕಿಲೋಗೂ ಒಳಗಾಗಿ ಹೋಯಿತು. ಸ್ಥಿರತೆ ಕಂಡ ಕಡೆಯಲ್ಲೆಲ್ಲ ಕಾವಲುಗಾರನನ್ನು ಊಹಿಸಬಾರದು ಎಂಬ ಪಾಠವನ್ನು ಭೌತವಿಜ್ಞಾನಿ ಮೊದಲೇ ಕಲಿಯಬೇಕಿತ್ತು. ಲೆಪ್ಟಿನ್ ಇದೆ ಎಂಬುದಕ್ಕೆ ಸಾಕ್ಷ್ಯ ಕೋಲ್ಮನ್ ಅವರ ಇಲಿಗಳೇ ಹೊರತು ಈ ಲೆಕ್ಕವಲ್ಲ.

ಕೊಬ್ಬಿನ ಸಂಚಾರ ವ್ಯವಸ್ಥೆ

ಲೆಪ್ಟಿನ್ ವರದಿಗಾರನಾದರೆ, ಕೊಬ್ಬನ್ನು ಎಲ್ಲಿ ಇಳಿಸಬೇಕೆಂದು ತೀರ್ಮಾನಿಸುವ ಪ್ರೋಟೀನುಗಳ ಗುಂಪು ಬೇರೆಯೇ ಇದೆ. ಸುದ್ದಿಯಾಗುವುದು ಕಡಿಮೆಯಾದರೂ 'ರಕ್ತದ ಪ್ರೋಟೀನು ಕೊಬ್ಬಿನ ಶೇಖರಣೆಯನ್ನು ಪ್ರಭಾವಿಸುತ್ತದೆ' ಎಂಬ ಮಾತು ಅಕ್ಷರಶಃ ಸಲ್ಲುವುದು ಇಲ್ಲಿ.

ಎಣ್ಣೆ ನೀರಿನಲ್ಲಿ ಕರಗದು. ಆದ್ದರಿಂದ ಟ್ರೈಗ್ಲಿಸರೈಡ್ ರಕ್ತದಲ್ಲಿ ಒಂಟಿಯಾಗಿ ಸಾಗಲಾರದು. ಸಣ್ಣ ಕರುಳಿನಲ್ಲಿ ಕೈಲೋಮೈಕ್ರಾನ್, ಯಕೃತ್ತಿನಲ್ಲಿ ವಿಎಲ್‌ಡಿಎಲ್ ಎಂಬ ಕಣಗಳಾಗಿ, ಪ್ರೋಟೀನು ಮತ್ತು ಫಾಸ್ಫೊಲಿಪಿಡ್‌ಗಳ ಹೊದಿಕೆಯೊಳಗೆ ಅದು ಹೊರಡುತ್ತದೆ. ಕಣ ಇಡಿಯಾಗಿ ಕೋಶದೊಳಕ್ಕೆ ನುಗ್ಗದು. ಲೋಮನಾಳದ ಒಳಗೋಡೆಗೆ ಅಂಟಿಕೊಂಡಿರುವ ಲೈಪೊಪ್ರೋಟೀನ್ ಲೈಪೇಸ್ ಎಂಬ ಕಿಣ್ವ ಅದನ್ನು ಕತ್ತರಿಸಿ ಮೇದಾಮ್ಲಗಳನ್ನು ಬಿಡುಗಡೆ ಮಾಡುತ್ತದೆ. ಹೆಪರಿನ್ ಚುಚ್ಚಿದಾಗ ಊಟದ ನಂತರದ ಹಾಲಿನಂಥ ರಕ್ತ ತಿಳಿಯಾಗುವುದನ್ನು ಪಾಲ್ ಹಾನ್ 1943ರಲ್ಲಿ ನಾಯಿಗಳಲ್ಲಿ ಕಂಡಿದ್ದರು. ಗೋಡೆಯಿಂದ ಕಿತ್ತುಬಂದ ಈ ಕಿಣ್ವವೇ ಅದಕ್ಕೆ ಕಾರಣವೆಂದು ಆಮೇಲೆ ತಿಳಿಯಿತು.

ಈ ಕಿಣ್ವ ಎಲ್ಲಿ ಚುರುಕಾಗಿದೆಯೋ ಅಲ್ಲಿ ಕೊಬ್ಬು ಇಳಿಯುತ್ತದೆ. ಊಟವಾದ ಮೇಲೆ ಇನ್ಸುಲಿನ್ ಕೊಬ್ಬಿನ ಅಂಗಾಂಶದಲ್ಲಿ ಅದನ್ನು ಹೆಚ್ಚಿಸುತ್ತದೆ. ಅದೇ ಹೊತ್ತಿಗೆ 'ಆಂಜಿಯೊಪೊಯೆಟಿನ್‌ನಂಥ ಪ್ರೋಟೀನು 8' ಏರಿ, 3ನೆಯದರೊಡನೆ ಕೂಡಿ, ಹೃದಯ ಮತ್ತು ಸ್ನಾಯುಗಳಲ್ಲಿ ಕಿಣ್ವವನ್ನು ತಡೆಯುತ್ತದೆ. ಕೊಬ್ಬಿನ ವಾಹನಗಳು ಉಗ್ರಾಣದ ಕಡೆಗೆ ತಿರುಗುತ್ತವೆ. ಉಪವಾಸದಲ್ಲಿ 4ನೆಯ ಪ್ರೋಟೀನು ಏರಿ ಕೊಬ್ಬಿನ ಅಂಗಾಂಶದ ಕಿಣ್ವವನ್ನು ತಡೆಯುತ್ತದೆ. ಈಗ ವಾಹನಗಳು ಸ್ನಾಯುಗಳ ಕಡೆಗೆ. ಹಬ್ಬದ ದಿನ ಪೇಟೆಯ ಒಂದು ರಸ್ತೆ ಮುಚ್ಚಿ ಇನ್ನೊಂದನ್ನು ತೆರೆಯುವ ಸಂಚಾರಿ ಪೊಲೀಸರಂತೆ.

ಆದರೆ ಸಂಚಾರಿ ಪೊಲೀಸ್ ಊರಿನ ವಾಹನಗಳ ಸಂಖ್ಯೆಯನ್ನು ನಿರ್ಧರಿಸುವುದಿಲ್ಲ. ಲೈಪೊಪ್ರೋಟೀನ್ ಲೈಪೇಸ್ ಹುಟ್ಟಿನಿಂದಲೇ ಇಲ್ಲದ ಜನರಿದ್ದಾರೆ. ಅವರ ರಕ್ತ ಹಾಲಿನಂತಿರುತ್ತದೆ, ಮೇದೋಜೀರಕ ಗ್ರಂಥಿಯ ಉರಿಯೂತದಿಂದ ನರಳುತ್ತಾರೆ. ಉಗ್ರಾಣದ ಮುಖ್ಯ ಬಾಗಿಲೇ ಮುಚ್ಚಿರುವುದರಿಂದ ಅವರು ಕೊಬ್ಬಿಲ್ಲದೆ ಬಡಕಲಾಗಿರಬೇಕಲ್ಲವೆ? ಹಾಗಿಲ್ಲ. ಕೊಬ್ಬಿನ ಕೋಶಗಳು ಸಕ್ಕರೆಯಿಂದಲೇ ಕೊಬ್ಬನ್ನು ತಯಾರಿಸಿಕೊಳ್ಳಬಲ್ಲವು. ಎಲ್ಲಿ, ಯಾವಾಗ ಎಂಬುದು ಒಂದು ಪ್ರಶ್ನೆ. ಒಟ್ಟು ಎಷ್ಟು ಎಂಬುದು ಇನ್ನೊಂದು. ಸುದ್ದಿಗಳು ಇವೆರಡನ್ನೂ ಕಲಸುತ್ತವೆ.

ಅವಸರದ ಹೆಸರುಗಳು

ಈ 8ನೆಯ ಪ್ರೋಟೀನಿಗೇ ಇನ್ನೊಂದು ಪಾಠವಿದೆ. 2013ರಲ್ಲಿ 'ಸೆಲ್' ಪತ್ರಿಕೆಯಲ್ಲಿ ಹಾರ್ವರ್ಡಿನ ಡಗ್ಲಸ್ ಮೆಲ್ಟನ್ ಅವರ ತಂಡ ಇದು ಇಲಿಗಳಲ್ಲಿ ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳನ್ನು ವೃದ್ಧಿಸುತ್ತದೆ ಎಂದು ವರದಿ ಮಾಡಿ 'ಬೀಟಾಟ್ರೋಫಿನ್' ಎಂದು ಕರೆಯಿತು. ಮಧುಮೇಹಿಗಳಿಗೆ ಇನ್ನು ಇನ್ಸುಲಿನ್ ಬೇಡ ಎಂಬಷ್ಟು ಸದ್ದಾಯಿತು. 2014ರಲ್ಲಿ ಇನ್ನೊಂದು ತಂಡ ಆ ಜೀನನ್ನೇ ತೆಗೆದ ಇಲಿಗಳಲ್ಲಿ ಬೀಟಾ ಕೋಶಗಳು ಸರಿಯಾಗಿಯೇ ಇರುವುದನ್ನು ತೋರಿಸಿತು. ಕೆಟ್ಟಿದ್ದು ಟ್ರೈಗ್ಲಿಸರೈಡ್ ನಿರ್ವಹಣೆ. ಮೆಲ್ಟನ್ ತಂಡವೇ ಪ್ರಯೋಗವನ್ನು ಮತ್ತೆ ಮಾಡಿ, ಫಲ ಸಿಗದೆ, 2017ರಲ್ಲಿ ಪ್ರಬಂಧವನ್ನು ಹಿಂತೆಗೆದುಕೊಂಡಿತು. ಈ ಪ್ರಾಮಾಣಿಕತೆ ಮೆಚ್ಚತಕ್ಕದ್ದು. ಆದರೆ ಮೊದಲ ಸುದ್ದಿ ಓದಿದವರಲ್ಲಿ ಎಷ್ಟು ಮಂದಿ ಎರಡನೆಯದನ್ನು ಓದಿದರು?

ವಿಸ್ಫ್ಯಾಟಿನ್ ಕಥೆಯೂ ಇಂಥದ್ದೇ. ಹೊಟ್ಟೆಯೊಳಗಿನ ಕೊಬ್ಬು ಸ್ರವಿಸುವ, ಇನ್ಸುಲಿನ್ನಿನಂತೆ ಕೆಲಸ ಮಾಡುವ ಪ್ರೋಟೀನು ಎಂದು 2005ರಲ್ಲಿ 'ಸೈನ್ಸ್'ನಲ್ಲಿ ಪ್ರಕಟವಾದ ಪ್ರಬಂಧವನ್ನು 2007ರಲ್ಲಿ ಹಿಂತೆಗೆದುಕೊಳ್ಳಲಾಯಿತು. ಇನ್ಸುಲಿನ್ನಿಗೆ ದೇಹ ಮಣಿಯದಂತೆ ಮಾಡುತ್ತದೆ ಎಂಬ ಅರ್ಥದಲ್ಲಿ ಹೆಸರಿಟ್ಟ ರೆಸಿಸ್ಟಿನ್ ಇಲಿಗಳಲ್ಲಿ ಕೊಬ್ಬಿನ ಕೋಶಗಳಿಂದ ಬಂದರೆ, ಮನುಷ್ಯರಲ್ಲಿ ಮುಖ್ಯವಾಗಿ ಮ್ಯಾಕ್ರೊಫೇಜ್‌ಗಳಿಂದ ಬರುತ್ತದೆ. ಪ್ರೋಟೀನಿಗೆ ಮೊದಲೇ ಅದರ ಕೆಲಸದ ಹೆಸರನ್ನಿಟ್ಟರೆ, ತೀರ್ಮಾನ ಬದಲಾದರೂ ಹೆಸರು ಉಳಿದು ದಾರಿ ತಪ್ಪಿಸುತ್ತದೆ.

ತೆಳ್ಳಗಿನ ದೇಹದ ಕೊಬ್ಬು

ನಮ್ಮ ದೇಶದಲ್ಲಿ ಈ ವಿಚಾರ ಏಕೆ ಮುಖ್ಯ? 2004ರಲ್ಲಿ 'ಲ್ಯಾನ್ಸೆಟ್' ಪತ್ರಿಕೆ ಇಬ್ಬರು ವೈದ್ಯ ವಿಜ್ಞಾನಿಗಳ ಚಿತ್ರವನ್ನು ಅಕ್ಕಪಕ್ಕದಲ್ಲಿ ಪ್ರಕಟಿಸಿತು. ಒಬ್ಬರು ಪುಣೆಯ ಚಿತ್ತರಂಜನ ಯಾಜ್ಞಿಕ್, ಇನ್ನೊಬ್ಬರು ಲಂಡನ್ನಿನ ಜಾನ್ ಯುಡ್ಕಿನ್. ಇಬ್ಬರ ದೇಹರಾಶಿ ಸೂಚ್ಯಂಕವೂ 22.3. ಆದರೆ ಯುಡ್ಕಿನ್ ಅವರ ದೇಹದಲ್ಲಿ ಕೊಬ್ಬು ಶೇಕಡಾ 9.1, ಯಾಜ್ಞಿಕ್ ಅವರಲ್ಲಿ 21.2. ತಕ್ಕಡಿಗೆ ಇಬ್ಬರೂ ಒಂದೇ.

ಯಾಜ್ಞಿಕ್ ಅವರ ತಂಡ ಪುಣೆಯ ನವಜಾತ ಶಿಶುಗಳನ್ನು ಲಂಡನ್ನಿನ ಬಿಳಿಯ ಶಿಶುಗಳೊಡನೆ ಹೋಲಿಸಿದಾಗ, ನಮ್ಮ ಶಿಶುಗಳ ತೂಕ ಬಹಳ ಕಡಿಮೆಯಿದ್ದರೂ ಹೊಕ್ಕುಳ ಬಳ್ಳಿಯ ರಕ್ತದಲ್ಲಿ ಲೆಪ್ಟಿನ್ ಕಡಿಮೆಯಿರಲಿಲ್ಲ. ಇನ್ಸುಲಿನ್ ಹೆಚ್ಚೇ ಇತ್ತು. ಸಣ್ಣ ಮಗು, ಆದರೆ ಸ್ನಾಯು ಕಡಿಮೆ, ಕೊಬ್ಬು ಉಳಿದಿದೆ. ಇಲ್ಲಿ ಲೆಪ್ಟಿನ್ ತನ್ನ ನಿಜವಾದ ಕೆಲಸವನ್ನು ಮಾಡುತ್ತಿದೆ: ತಕ್ಕಡಿಗೆ ಕಾಣದ್ದನ್ನು ತೋರಿಸುವ ಮಾಪಕದ ಕೆಲಸ. ಆ ಕೊಬ್ಬಿಗೆ ಕಾರಣವನ್ನು ತಾಯಿಯ ಆಹಾರ, ಗರ್ಭದ ಸ್ಥಿತಿ ಮುಂತಾದ ಕಡೆಗಳಲ್ಲಿ ಹುಡುಕಬೇಕು. ಹುಟ್ಟುವಾಗಲೇ ಹೀಗಿರುವ ಮಗುವಿಗೆ ಸೋಮಾರಿತನದ ಆರೋಪ ಹೊರಿಸುವವರು ಯಾರು?

ಮೂರು ಪ್ರಶ್ನೆಗಳು

ಮುಂದೆ ಇಂಥ ಸುದ್ದಿ ಬಂದಾಗ ಅಧ್ಯಾಪಕರು ವಿದ್ಯಾರ್ಥಿಗಳೊಡನೆ ಮೂರು ಪ್ರಶ್ನೆ ಕೇಳಬಹುದು.

ಮೊದಲನೆಯದು: ಪ್ರೋಟೀನಿನ ಮಟ್ಟ ಬೊಜ್ಜಿಗೆ ಮುಂಚೆ ಬದಲಾಯಿತೋ, ಬೊಜ್ಜಿನ ನಂತರವೋ? ಒಟ್ಟಿಗೆ ಕಂಡುಬಂದವು ಎಂದಷ್ಟೇ ಹೇಳಿದ್ದರೆ ಅದು ಮಾಪಕವೂ ಆಗಿರಬಹುದು.

ಎರಡನೆಯದು: ತೆಗೆದಾಗಲೂ ಕೊಟ್ಟಾಗಲೂ ಏನಾಯಿತು, ಮತ್ತು ಯಾರಲ್ಲಿ? ಓಬಿ ಇಲಿಯಲ್ಲಿ ಫಲಿಸಿದ್ದು, ಲೆಪ್ಟಿನ್ ಇಲ್ಲದ ಮಗುವಿನಲ್ಲಿಯೂ ಫಲಿಸಿತು. ಕೊಬ್ಬಿನ ಅಂಗಾಂಶವೇ ಇಲ್ಲದಂತಾಗುವ ಲಿಪೊಡಿಸ್ಟ್ರೊಫಿ ಎಂಬ ರೋಗಕ್ಕೆ ಲೆಪ್ಟಿನ್ನಿನ ಒಂದು ರೂಪವಾದ ಮೆಟ್ರೆಲೆಪ್ಟಿನ್ ಅಮೆರಿಕದಲ್ಲಿ 2014ರಲ್ಲಿ ಮಾನ್ಯವಾಯಿತು. 'ತೆಳ್ಳಗೆ' ಎಂಬ ಹೆಸರಿನ ಹಾರ್ಮೋನು ಔಷಧವಾಗಿ ನೆಲೆ ಕಂಡದ್ದು ಕೊಬ್ಬು ಇಲ್ಲದವರಲ್ಲಿ! ಇವರೆಲ್ಲರಿಗೂ ನಿಜವಾದ ಕೊರತೆ ಇತ್ತು.

ಮೂರನೆಯದು: ಔಷಧ ಫಲಿಸಿದ್ದನ್ನೇ ಕಾರಣದ ಪುರಾವೆಯಾಗಿ ಕೊಡುತ್ತಿದ್ದಾರೆಯೆ? ಜಿಎಲ್‌ಪಿ-1 ಎಂಬ ಕರುಳಿನ ಹಾರ್ಮೋನನ್ನು ಅನುಕರಿಸುವ ಸೆಮಾಗ್ಲುಟೈಡ್ ಬೊಜ್ಜಿನ ಚಿಕಿತ್ಸೆಗೆ ಅಮೆರಿಕದಲ್ಲಿ 2021ರಲ್ಲಿ, ಭಾರತದ ಮಾರುಕಟ್ಟೆಗೆ 2025ರಲ್ಲಿ ಬಂತು. ಅದು ಹಸಿವನ್ನು ಗಣನೀಯವಾಗಿ ತಗ್ಗಿಸುತ್ತದೆ. ಹಾಗೆಂದು ಬೊಜ್ಜು ಜಿಎಲ್‌ಪಿ-1ರ ಕೊರತೆಯ ರೋಗವೆಂದು ಸಿದ್ಧವಾಗುವುದಿಲ್ಲ. ಪ್ಯಾರಸಿಟಮಾಲ್‌ನಿಂದ ಜ್ವರ ಇಳಿಯಿತೆಂದು, ಜ್ವರ ಬಂದದ್ದು ಪ್ಯಾರಸಿಟಮಾಲ್ ಕೊರತೆಯಿಂದ ಎನ್ನುತ್ತೇವೆಯೆ?

ಈ ಪ್ರಶ್ನೆಗಳು ಬರೀ ಪರೀಕ್ಷೆಗಲ್ಲ. 'ಲೆಪ್ಟಿನ್' ಎಂಬ ಹೆಸರು ಹೊತ್ತ ಮಾತ್ರೆಗಳು ಮಾರಾಟವಾಗುತ್ತಿವೆ. ಲೆಪ್ಟಿನ್ ಪ್ರೋಟೀನು, ನುಂಗಿದರೆ ಬೇಳೆಯ ಪ್ರೋಟೀನಿನಂತೆಯೇ ಜೀರ್ಣವಾಗುತ್ತದೆ. ಇನ್ಸುಲಿನ್ನನ್ನು ಚುಚ್ಚಿಕೊಳ್ಳಬೇಕಾದ ಕಾರಣವೂ ಇದೇ. ಇಷ್ಟನ್ನು ಹತ್ತನೆಯ ತರಗತಿಯ ವಿದ್ಯಾರ್ಥಿ ತನ್ನ ಮನೆಯವರಿಗೆ ವಿವರಿಸಿ ಹೇಳಬಲ್ಲನಾದರೆ ಒಂದಿಷ್ಟು ಹಣ ಉಳಿಯುತ್ತದೆ. ಅದೇ ತರಗತಿಯ ದಪ್ಪಗಿರುವ ಹುಡುಗಿಯನ್ನು ಎಬ್ಬಿಸಿ ನಿಲ್ಲಿಸಿ ಶಕ್ತಿ ಸಂರಕ್ಷಣೆಯ ಉದಾಹರಣೆ ಕೊಡುವುದನ್ನು ನಾವು ಅಧ್ಯಾಪಕರು ಬಿಟ್ಟರೆ ಉಳಿಯುವುದು ಹಣಕ್ಕಿಂತ ದೊಡ್ಡದು. ಆ ನಿಯಮವನ್ನು ಕಲಿಸಲು ತೂತಿರುವ ತೊಟ್ಟಿ ಸಾಕು.